ಮಣ್ಣೊಳಗಿನ ಅಣಬೆ, ಹೊಟ್ಟೆಚೀಲದ ಪೊಟೊರೂ

ಕಾಡಿನ ಅಣಬೆಗೂ ಕಾಂಗರೂ ಬಳಗದ ಪುಟ್ಟ ಪ್ರಾಣಿಗೂ ಏನು ಹೋಲಿಕೆ ಅಂತ ನೀವು ಕೇಳಬಹುದು. ನಾವೂ ಮೊದಲು ಹಾಗೇ ಕೇಳಿದ್ವಿ. ಪಶ್ಚಿಮ ಆಸ್ಟ್ರೇಲಿಯಾದ ಗಿಲ್ಬರ್ಟ್ ಪೊಟೊರೂ ಬಗ್ಗೆ ಓದಿದ ಮೇಲೆ ಪ್ರಶ್ನೆಯೇ ಬದಲಾಯ್ತು: ಇವೆರಡನ್ನೂ ಬೇರೆ ಮಾಡೋದು ಹೇಗೆ?

ಹೋಲಿಕೆ: ಅಣಬೆ ಗಿಡವಲ್ಲ. ಅದಕ್ಕೆ ಬಿಸಿಲಿನಿಂದ ಅಡುಗೆ ಮಾಡಿಕೊಳ್ಳೋಕೆ ಬರಲ್ಲ. ಪ್ರಾಣಿಗಳ ಹಾಗೆ ಬೇರೆಯವರು ಮಾಡಿಟ್ಟ ಆಹಾರವೇ ಬೇಕು. ಉಳಿದ ಸಕ್ಕರೆಯನ್ನು ಎರಡೂ ಗ್ಲೈಕೋಜನ್ ರೂಪದಲ್ಲೇ ಕೂಡಿಡುತ್ತವೆ. ವಂಶವೃಕ್ಷದಲ್ಲೂ ಅಣಬೆ ಗಿಡಗಳಿಗಿಂತ ನಮಗೇ ಹತ್ತಿರದ ನೆಂಟ!

ವ್ಯತ್ಯಾಸ: ಪೊಟೊರೂ ಸುಮಾರು ಒಂದು ಕಿಲೋ ತೂಗುವ, ರಾತ್ರಿ ಓಡಾಡುವ ಪ್ರಾಣಿ. ತಾಯಿ ಮರಿಯನ್ನು ಹೊಟ್ಟೆಚೀಲದಲ್ಲಿ ಹೊತ್ತು ಸಾಕುತ್ತದೆ. ಅಣಬೆಗೆ ಕಾಲಿಲ್ಲ. ಇಲ್ಲಿನ ಅನೇಕ ಅಣಬೆಗಳು ಟ್ರಫಲ್ ತರಹ ಮಣ್ಣೊಳಗೇ ಬೆಳೆಯೋದರಿಂದ ಅವುಗಳ ಬೀಜಕಣಗಳಿಗೆ ಗಾಳಿಯ ಸಹಾಯವೂ ಸಿಗಲ್ಲ. ಹಾಗಾದ್ರೆ ಅವು ಹರಡೋದು ಹೇಗೆ?

ಕೊಡು-ಕೊಳ್ಳುವಿಕೆ: ಹಣ್ಣಾದ ಅಣಬೆ ವಾಸನೆ ಬಿಡುತ್ತದೆ. ಪೊಟೊರೂ ಮೂಸಿ, ಮುಂಗಾಲಿನಿಂದ ಅಗೆದು ತಿನ್ನುತ್ತದೆ. ಅದರ ಊಟದಲ್ಲಿ ಶೇಕಡಾ 90ಕ್ಕೂ ಹೆಚ್ಚು ಪಾಲು ಅಣಬೆಯೇ. ತಿರುಳು ಜೀರ್ಣವಾಗುತ್ತದೆ, ಬೀಜಕಣಗಳು ಹಿಕ್ಕೆಯ ಜೊತೆ ಬೇರೆಡೆ ಬೀಳುತ್ತವೆ. ತನ್ನ ಮರಿ ಚೀಲದಲ್ಲಿ, ಅಣಬೆಯ ಮರಿ ಹೊಟ್ಟೆಯಲ್ಲಿ, ಅಷ್ಟೇ! ಇಂಥ ಅಣಬೆಗಳ ಎಳೆಗಳು ನೀಲಗಿರಿಯಂಥ ಮರಗಳ ಬೇರಿಗೆ ಹೆಣೆದುಕೊಂಡು ನೀರು, ರಂಜಕ ಒದಗಿಸುತ್ತವೆ. ಬದಲಿಗೆ ಸಕ್ಕರೆ ಪಡೆಯುತ್ತವೆ. ನಮ್ಮೂರ ರಸ್ತೆಬದಿಯ ನೀಲಗಿರಿಯ ತವರೂ ಆಸ್ಟ್ರೇಲಿಯಾವೇ ಅನ್ನೋದು ನೆನಪಿರಲಿ.

ಈ ಸರಪಳಿಯ ಒಂದು ಕೊಂಡಿ ಬಹಳ ಸಡಿಲವಾಗಿದೆ. ಹೊರಗಿನಿಂದ ತಂದ ನರಿ, ಬೆಕ್ಕುಗಳು ಇಂಥ ಪುಟ್ಟ ಪ್ರಾಣಿಗಳನ್ನು ತಿಂದು ಮುಗಿಸುತ್ತಾ ಬಂದವು. ಗಿಲ್ಬರ್ಟ್ ಪೊಟೊರೂ ಅಳಿದೇ ಹೋಯಿತು ಅಂದುಕೊಂಡು ನೂರು ವರ್ಷ ದಾಟಿದ ಮೇಲೆ, 1994ರಲ್ಲಿ ಟೂ ಪೀಪಲ್ಸ್ ಬೇ ಎಂಬಲ್ಲಿ ಮತ್ತೆ ಸಿಕ್ಕಿತು. 2005ರಿಂದ ಕೆಲವನ್ನು ಬಾಲ್ಡ್ ದ್ವೀಪಕ್ಕೆ ಸಾಗಿಸಿದರು. 2015ರ ಕಾಳ್ಗಿಚ್ಚಿನಲ್ಲಿ ಮೂಲ ನೆಲೆಯ ಬಹುಪಾಲು ಸುಟ್ಟುಹೋದರೂ ದ್ವೀಪದ ಸಂಸಾರ ಉಳಿದಿತ್ತು.

ಪ್ರಾಜೆಕ್ಟ್ ಫೈಲಿಗೆ ಬ್ಯಾಕಪ್ ಇಟ್ಟುಕೊಳ್ಳಿ ಅಂತ ನಮಗೆ ಹೇಳ್ತಾನೇ ಇರ್ತಾರೆ. ಒಂದು ಜೀವಕ್ಕೇ ಬ್ಯಾಕಪ್ ಇಟ್ಟವರ ಕಥೆ ಇದು. ಮುಂದಿನ ಮಳೆಗಾಲದಲ್ಲಿ ಅಣಬೆ ಕಂಡರೆ ಒಂದು ನಿಮಿಷ ನಿಂತು, ಇದನ್ನು ಇಲ್ಲಿಗೆ ತಂದವರು ಯಾರು ಅಂತ ಯೋಚಿಸಿ ನೋಡಿ.