ದೋಣಿಯ ತಳ ನೋಡಿ, ಸೀಟಲ್ಲ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯವರು ಮನೆಮಂದಿಗೆಂದು ಹಳೆಯ ಮೋಟಾರು ದೋಣಿ ಕೊಳ್ಳುವುದಾದರೆ ಕ್ಯಾಬಿನ್ನಿನ ಮೆತ್ತನೆ ಸೀಟಿಗೆ ಮರುಳಾಗುವ ಮೊದಲು ತಳ ನೋಡಿ. ನಮ್ಮ ದೊಡ್ಡ ನೀರೆಂದರೆ ಗೊರೂರಿನ ಹೇಮಾವತಿ ಹಿನ್ನೀರು. ಜಲಾಶಯದ ಗರಿಷ್ಠ ಮಟ್ಟ 2922 ಅಡಿ. ಆದರೆ ಮಳೆಗಾಲದಲ್ಲಿ ಅರೆಮುಳುಗುವ ಶೆಟ್ಟಿಹಳ್ಳಿ ಚರ್ಚಿನ ಸುತ್ತ ಬೇಸಿಗೆಯಲ್ಲಿ ಜನ ಆರಾಮಾಗಿ ನಡೆದಾಡುತ್ತಾರೆ. ಇಷ್ಟು ಏರಿಳಿಯುವ ನೀರಿನಡಿ ಮರದ ಬೊಡ್ಡೆಯೋ ಹಳೆ ಗೋಡೆಯೋ ಯಾವಾಗ ಎದುರಾದೀತೆಂದು ಹೇಳಲಾಗದು. ಆದ್ದರಿಂದ ಸಮುದ್ರಕ್ಕೆಂದು ಮಾಡಿದ ಆಳ ತಳದ ದೋಣಿಗಿಂತ ಚಪ್ಪಟೆ ತಳದ್ದು, ಪ್ರೊಪೆಲ್ಲರನ್ನು ಮೇಲೆತ್ತಬಹುದಾದ ಔಟ್‌ಬೋರ್ಡ್ ಎಂಜಿನ್ನಿನದು ಮೇಲು.

ಚಪ್ಪಟೆ ತಳ ಅಲೆಗೆ ಬಡಿಯುತ್ತದಲ್ಲ ಎನ್ನಬಹುದು. ನಿಜ, ಗಾಳಿ ಎದ್ದರೆ ಮೈಯೆಲ್ಲ ಕುಲುಕುತ್ತದೆ. ವೇಗ ತಗ್ಗಿಸಿದರೆ ಅದೂ ತಗ್ಗುತ್ತದೆ. ಬಂಡೆಗೆ ತಗುಲಿ ಒಡೆದ ತಳ ಹಾಗೆ ಸರಿಹೋಗದು. ಬಣ್ಣ ಹೊಸದಾಗಿದ್ದಷ್ಟೂ ಅನುಮಾನವಿರಲಿ. ಎಂಜಿನ್ ಕೂರುವ ಹಿಂಬದಿಯ ಹಲಗೆಯನ್ನು ತಟ್ಟಿ: ಮಂಕು ಸದ್ದು ಬಂದರೆ ಫೈಬರಿನೊಳಗಿನ ಮರ ನೀರು ಕುಡಿದು ಕೊಳೆತಿರಬಹುದು. ಸಮುದ್ರವಲ್ಲವಲ್ಲ, ಕಾಗದಪತ್ರ ಯಾಕೆ ಎನ್ನುವವರಿಗೆ 2021ರ ಒಳನಾಡು ಹಡಗು ಕಾಯ್ದೆಯಿದೆ. ಎಂಜಿನ್ ದೋಣಿಗೆ ನೋಂದಣಿ ಬೇಕು. ಜಲಾಶಯಕ್ಕೆ ಇಳಿಸಲು ಅನುಮತಿ ಸಿಗುವುದೇ ಎಂದು ಕಾವೇರಿ ನೀರಾವರಿ ನಿಗಮದಲ್ಲಿ ವಿಚಾರಿಸಿ, ಮುಂಗಡ ಕೊಡುವುದೇನಿದ್ದರೂ ಅದಾದ ಮೇಲೆ.