ಗದೆ: ಬಲವೂ ನಿಯಮವೂ

ದೊಣ್ಣೆಯು ಅತಿ ಪ್ರಾಚೀನವಾದ ಆಯುಧಗಳಲ್ಲೊಂದು. ಅದರ ತುದಿಗೆ ಕಲ್ಲನ್ನೋ ಲೋಹದ ಗುಂಡನ್ನೋ ಸೇರಿಸಿದಾಗ ಅದು ಗದೆಯೆನಿಸಿತು. ಸುಮಾರು 5000 ವರ್ಷಗಳ ಹಿಂದಿನ ಈಜಿಪ್ತದ ಶಿಲಾಫಲಕವೊಂದರಲ್ಲಿ ನಾರ್ಮರ್ ದೊರೆಯು ಗದೆಯನ್ನೆತ್ತಿ ನಿಂತಿರುವ ಚಿತ್ರವಿದೆ. ನಮಗಾದರೋ ಗದೆಯೆಂದೊಡನೆ ಹನುಮಂತನೂ ಭೀಮಸೇನನೂ ನೆನಪಾಗುತ್ತಾರೆ.

ಅಲಗಾಗಲಿ ಮೊನೆಯಾಗಲಿ ಇಲ್ಲದ ಈ ಆಯುಧಕ್ಕೆ ಅಷ್ಟು ಬಲವೆಲ್ಲಿಂದ ಬಂದಿತು? ಇದರ ಭಾರವು ಬಹುಮಟ್ಟಿಗೆ ತುದಿಯಲ್ಲಿದೆ. ಬೀಸುವಾಗ ಹಿಡಿಗಿಂತ ತುದಿಯೇ ಹೆಚ್ಚು ವೇಗವಾಗಿ ಚಲಿಸುತ್ತದೆ. 2 ಕಿಲೋಗ್ರಾಂ ತೂಕದ ಗುಂಡು ಸೆಕೆಂಡಿಗೆ 5 ಮೀಟರ್ ವೇಗದಿಂದ ಚಲಿಸಿದರೆ ಅದರ ಶಕ್ತಿ 25 ಜೂಲ್. ವೇಗವು 10 ಮೀಟರ್ ಆದರೆ ಶಕ್ತಿ 100 ಜೂಲ್. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಮಡಿಯಾಗುತ್ತದೆ. ಆದುದರಿಂದಲೇ ಕತ್ತಿಯು ಕಡಿಯಲಾರದ ಕವಚದೊಳಗಿನ ಎಲುಬನ್ನೂ ಗದೆಯ ಪೆಟ್ಟು ಮುರಿಯಬಲ್ಲದು. ಆದರೆ ಗುರಿ ತಪ್ಪಿದರೆ ಅದೇ ಭಾರವು ಬೀಸಿದವನನ್ನೇ ಎಳೆದು ಮುಗ್ಗರಿಸುವಂತೆ ಮಾಡುತ್ತದೆ.

ಇಂಥ ಆಯುಧಕ್ಕೆ ನಮ್ಮ ಹಿರಿಯರು ನಿಯಮವನ್ನೂ ವಿಧಿಸಿದ್ದರು. ಗದಾಯುದ್ಧದಲ್ಲಿ ನಾಭಿಯ ಕೆಳಗೆ ಹೊಡೆಯಲಾಗದು. ಭೀಮನು ತನ್ನ ಪ್ರತಿಜ್ಞೆಯಂತೆ ದುರ್ಯೋಧನನ ತೊಡೆಯನ್ನು ಮುರಿದಾಗ, ಇಬ್ಬರಿಗೂ ಗುರುವಾದ ಬಲರಾಮನು ಕೋಪಗೊಂಡನೆಂದು ಮಹಾಭಾರತವು ಹೇಳುತ್ತದೆ. ಪ್ರತಿಜ್ಞೆ ಹಿರಿದೋ, ನಿಯಮ ಹಿರಿದೋ? ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಮನೆಯಲ್ಲಿ ತಾಯಿತಂದೆಯರೊಡನೆ ಚರ್ಚಿಸಬೇಕು. ಇದೇ ಕಥೆಯನ್ನು ಮುಧೋಳದ ರನ್ನಕವಿಯು 'ಗದಾಯುದ್ಧ'ವೆಂಬ ಕಾವ್ಯವಾಗಿ ರಚಿಸಿ, ತನ್ನ ಆಶ್ರಯದಾತನಾದ ಚಾಳುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿದನು. ಕಲ್ಯಾಣದ ಚಾಳುಕ್ಯರ ಆಳ್ವಿಕೆಗೆ ನಮ್ಮ ಸೋಲಾಪುರ ಸೀಮೆಯೂ ಒಳಪಟ್ಟಿದ್ದಿತು. ಆದಕಾರಣ ಆ ಕಾವ್ಯವು ನಮಗೆ ದೂರದ್ದಲ್ಲ, ಮನೆಯ ಸೊತ್ತು.

ಅಕ್ಕಲಕೋಟೆಯ ಅರಮನೆಯ ಶಸ್ತ್ರಾಗಾರವು ಹೆಸರಾದುದು. ಅಂಥಲ್ಲಿ ಹಳೆಯ ಆಯುಧಗಳನ್ನು ಕಾಣುವಾಗ ಅವುಗಳ ತೂಕವನ್ನೂ, ಅವು ತಂದ ನೋವನ್ನೂ ನಾವು ನೆನೆಯಬೇಕು. ಇಂದಿನ ಬಾಲಕರು ಗದೆಯನ್ನು ವಿಡಿಯೋ ಆಟಗಳಲ್ಲಿ ಕಾಣುತ್ತಾರೆ. ಅಲ್ಲಿ ಬೆರಳಿನಿಂದ ಒತ್ತಿದರೆ ಸಾಕು, ವೈರಿಯು ಉರುಳುತ್ತಾನೆ. ತೂಕವೂ ನೋವೂ ಅರಿವಿಗೆ ಬಾರವು.

ಗರಡಿಮನೆಯಲ್ಲಾದರೆ ಹಾಗಲ್ಲ. ಅಲ್ಲಿ ಗದೆಯನ್ನು ಹೆಗಲ ಹಿಂದೆ ತಿರುಗಿಸುವವನಿಗೆ ತೋಳು, ಬೆನ್ನು, ಮುಂಗೈಗಳು ಬಲಿಯುತ್ತವೆ; ಯಾರಿಗೂ ಪೆಟ್ಟಾಗುವುದಿಲ್ಲ. 1961ರಲ್ಲಿ ಆರಂಭವಾದ ಮಹಾರಾಷ್ಟ್ರ ಕೇಸರಿ ಕುಸ್ತಿಯಲ್ಲಿ ಗೆದ್ದ ಮಲ್ಲನಿಗೆ ಬೆಳ್ಳಿಯ ಗದೆಯನ್ನು ನೀಡುವ ಪದ್ಧತಿಯುಂಟು. ಎಲುಬು ಮುರಿಯುತ್ತಿದ್ದ ಆಯುಧವು ಹೀಗೆ ವ್ಯಾಯಾಮದ ಸಾಧನವಾಯಿತು, ಗೌರವದ ಗುರುತಾಯಿತು. ಬಲವನ್ನು ಗಳಿಸುವುದರೊಡನೆ ಅದನ್ನು ತಡೆದು ಹಿಡಿಯುವುದನ್ನೂ ನಮ್ಮ ಮಕ್ಕಳು ಕಲಿಯಲಿ.