ಗ್ರಾಫಿಕ್ಸ್ ಕಾರ್ಡ್ ಬಂತು, ಸದ್ದು ಅಡಗಿತು

ಗ್ರಾಫಿಕ್ಸ್ ಕಾರ್ಡ್ ಹಾಕಿಸಿ, ಮಾನಿಟರಿಗೆ ಎಚ್‌ಡಿಎಂಐ ಕೇಬಲ್ ಜೋಡಿಸಿದ ಮೇಲೆ ಸ್ಪೀಕರ್ ಸುಮ್ಮನಾಗಿದೆ ಎಂದಿದ್ದೀರಿ. ಹೊಸ ಸ್ಪೀಕರ್ ತರಲು ಅವಸರ ಮಾಡಬೇಡಿ.

ಎಚ್‌ಡಿಎಂಐ ಕೇಬಲ್ ಚಿತ್ರದ ಜೊತೆ ಧ್ವನಿಯನ್ನೂ ಒಯ್ಯುತ್ತದೆ. ಅದಕ್ಕಾಗಿ ಗ್ರಾಫಿಕ್ಸ್ ಕಾರ್ಡಿನಲ್ಲೂ ಒಂದು ಆಡಿಯೊ ಸಾಧನವಿರುತ್ತದೆ. ಬಹುಶಃ ವಿಂಡೋಸ್ ಅದನ್ನೇ ಯಜಮಾನನೆಂದು ಒಪ್ಪಿಕೊಂಡು, ಸ್ಪೀಕರೇ ಇಲ್ಲದ ಮಾನಿಟರಿಗೆ ಹಾಡು ಕಳಿಸುತ್ತಿದೆ! ಸೆಟ್ಟಿಂಗ್ಸ್‌ನ ಸೌಂಡ್ ವಿಭಾಗಕ್ಕೆ ಹೋಗಿ, ಔಟ್‌ಪುಟ್ ಪಟ್ಟಿಯಲ್ಲಿ ಮದರ್‌ಬೋರ್ಡಿನ ಆಡಿಯೊ ಆರಿಸಿ. ಸಾಮಾನ್ಯವಾಗಿ ಅದು ರಿಯಲ್‌ಟೆಕ್ ಹೆಸರಿನಲ್ಲಿರುತ್ತದೆ. ಇಂಥ ಎಷ್ಟೋ ದೂರುಗಳು ಇಲ್ಲಿಗೇ ಮುಗಿಯುತ್ತವೆ.

ಆ ಹೆಸರೇ ಕಾಣದಿದ್ದರೆ ಡಿವೈಸ್ ಮ್ಯಾನೇಜರ್ ತೆರೆಯಿರಿ. ಹಳದಿ ಗುರುತಿರುವ ಸಾಧನದ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಕೋಡ್ ಸಿಗುತ್ತದೆ. 28 ಎಂದಿದ್ದರೆ ಡ್ರೈವರ್ ಇಲ್ಲ. ಮದರ್‌ಬೋರ್ಡ್ ತಯಾರಕರ ಜಾಲತಾಣದಿಂದಲೇ ಇಳಿಸಿಕೊಳ್ಳಿ. 12 ಎಂದಿದ್ದರೆ ಮಾತ್ರ ಅದು ಸಾಧನಗಳ ನಡುವಿನ ನಿಜವಾದ ಸಂಘರ್ಷ: ಸಾಧನಕ್ಕೆ ಬೇಕಾದ ಸಂಪನ್ಮೂಲ ಬಿಡುವಾಗಿಲ್ಲ. ಬಳಸದ ಸಾಧನವೊಂದನ್ನು ನಿಷ್ಕ್ರಿಯಗೊಳಿಸಿ ನೋಡಿ. 1990ರ ದಶಕದಲ್ಲಿ ಸೌಂಡ್ ಕಾರ್ಡಿನ ಪುಟ್ಟ ಜಂಪರ್‌ಗಳನ್ನು ಕಿತ್ತು ಕಿತ್ತು ಹಾಕುತ್ತಿದ್ದವರಿಗೆ ಈ ಜಗಳ ಚೆನ್ನಾಗಿ ಗೊತ್ತು. ಈಗ ಅದು ಅಪರೂಪ.

ಇಷ್ಟನ್ನೂ ನೋಡುವ ಮೊದಲು ಯಾರಾದರೂ ‘ಫಾರ್ಮ್ಯಾಟ್ ಮಾಡಿಬಿಡೋಣ’ ಅಂದರೆ ದಯವಿಟ್ಟು ಒಪ್ಪಬೇಡಿ.